ಕಂಪ್ಯೂಟರಿನ ಮಖಮಲ್ಲು ಅಂಗಿ

ನಿನ್ನೆ ಬ್ಯಾಂಕಿನಲ್ಲಿ ಸರದಿ ಬಂದು ಕೌಂಟರಿನ ಮೇಲೆ ಕೈಯೂರಿದಾಗ ಬೆರಳಿಗೆ ಬೆಚ್ಚನೆಯ ಗಾಳಿ ತಾಗಿತು. ಅಲ್ಲಿದ್ದ ಕಂಪ್ಯೂಟರು, ಪರದೆಯ ಬೆನ್ನಲ್ಲೇ ಎಲ್ಲವನ್ನೂ ಹೊತ್ತಿರುವ ಜಾತಿಯದು, ನೆತ್ತಿಯ ಸೀಳುಗಳಿಂದ ಉಸಿರು ಬಿಡುತ್ತಿತ್ತು. ಜೊತೆಗೆ ಕಾದ ಧೂಳಿನ ವಾಸನೆ. ನಿಮಗೂ ಗೊತ್ತಿರಬಹುದು. ನನಗೆ ಮಾತ್ರ ಅದು ಕಾಕ್ಸ್ ಟೌನಿನ ನಮ್ಮ ಮನೆಯ ಮುಂದಿನ ಕೋಣೆಯ ವಾಸನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಎಷ್ಟು ಎಂದು ಕೇಳಬೇಡಿ. ಇಸವಿಗಳ ವಿಷಯದಲ್ಲಿ ನನ್ನನ್ನು ನಂಬುವಂತಿಲ್ಲ. ಅಣ್ಣ ಅಂಥದ್ದೊಂದು ಕಂಪ್ಯೂಟರು ತಂದ. ಅತ್ತಿಗೆ ಅದರ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಅಮೆರಿಕದ ಡಾಕ್ಟರುಗಳು ಒದರಿದ್ದನ್ನು ಟೈಪ್ ಮಾಡಿ ಕಳಿಸುವ ಕೆಲಸ ಹಿಡಿದರು. ಸೊಸೆ ದುಡಿಯುವುದು ಅಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ಅಂಥ ಅಮ್ಮ ಒಂದು ದಿನ ರಸೆಲ್ ಮಾರುಕಟ್ಟೆಗೆಂದು ಹೋಗಿ, ಸೊಪ್ಪಿನ ಜೊತೆ ಮರೂನ್ ಮಖಮಲ್ಲನ್ನೂ ತಂದು, ಕಂಪ್ಯೂಟರಿಗೆ ಅಂಗಿ ಹೊಲಿದಳು. ಟೀವಿ, ಮಿಕ್ಸಿ, ಫ್ರಿಜ್ಜಿನ ಹಿಡಿ, ನಮ್ಮ ಮನೆಯಲ್ಲಿ ಬೆಲೆಬಾಳುವ ಯಾವುದೂ ಬೆತ್ತಲೆ ಇರಕೂಡದು. ಅತ್ತಿಗೆಯ ಕೆಲಸಕ್ಕೆ ಅಮ್ಮ ಹೂಂ ಅಂದದ್ದು ಹಾಗೆ. ಆದರೆ ಕೆಲಸದ ಹೊತ್ತಿನಲ್ಲೂ ಮುಂದಿನ ಬಟ್ಟೆಯನ್ನಷ್ಟೇ ಎತ್ತಿ ಕಟ್ಟಬಹುದು. ನೆತ್ತಿ, ಬೆನ್ನು ಸದಾ ಮುಚ್ಚಿರಬೇಕು.

ಆಮೇಲೆ ಮಧ್ಯಾಹ್ನಗಳಲ್ಲಿ ಕಂಪ್ಯೂಟರು ಬುಸುಗುಟ್ಟಿ ತಟ್ಟನೆ ಆರಿಹೋಗತೊಡಗಿತು. ಟೈಪ್ ಮಾಡಿದ್ದೂ ಹೋಗುತ್ತಿತ್ತು.

"ಇನ್ನೊಂದ್ಸಲ ಲೇಟಾದ್ರೆ ಕೆಲಸ ಬೇರೆಯವ್ರಿಗೆ ಕೊಡ್ತಾರಂತೆ," ಎಂದರು ಅತ್ತಿಗೆ.

ಫಿಸಿಕ್ಸ್ ಓದಿದ್ದ ನಾನು ವೋಲ್ಟೇಜ್ ಎಂದೆ. ಅಣ್ಣ ವೈರಸ್ ಎಂದ. ಕಮ್ಮನಹಳ್ಳಿಯ ಅಂಗಡಿಗೆ ಒಯ್ದರೆ ಅಲ್ಲಿ ದಿನವಿಡೀ ಚೆನ್ನಾಗಿ ಓಡಿತು. "ಮಿಷನ್ ಸರಿಯಾಗೇ ಇದೆ ಗುರು, ನಿಮ್ಮನೇಗೇ ದೃಷ್ಟಿ ತೆಗ್ಸಿ," ಎಂದು ಅಂಗಡಿಯವನು ನಕ್ಕ. ಮನೆಗೆ ತಂದ ಕೂಡಲೇ ಅಮ್ಮ ಅಂಗಿ ತೊಡಿಸಿದಳು. ಮತ್ತೆ ಆರಿತು. ಕೆಳಗಿನಿಂದ ತಣ್ಣನೆಯ ಗಾಳಿ ಎಳೆದು ಮೇಲಿನಿಂದ ಬಿಸಿ ಬಿಡುವ ಯಂತ್ರದ ಮೂಗನ್ನೇ ಮುಚ್ಚಿದ್ದೆವು. ಅದು ಯಾರಿಗೂ ಹೊಳೆದಿರಲಿಲ್ಲ ಎಂದೇ ಇಷ್ಟು ದಿನ ನಂಬಿದ್ದೆ.

ನನ್ನ ನೆನಪಿನಲ್ಲಿ ಇದು ಮುಗಿದದ್ದು ಹೀಗೆ: ಅಮ್ಮ ಅದರ ನೆತ್ತಿ ಮುಟ್ಟಿ, "ಅಯ್ಯೋ, ಜ್ವರ ಬಂದಿದೆ ಕಣೇ ಇದಕ್ಕೆ!" ಎಂದು ತಾನೇ ಮಖಮಲ್ಲಿನ ಮೇಲ್ಭಾಗ ಕತ್ತರಿಸಿ ತೆಗೆದಳು. ಅವಳ ಕೈಯಲ್ಲಿನ ಕತ್ತರಿ, ಮಡಿಲಲ್ಲಿನ ಬಟ್ಟೆ, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ಆದರೂ ನಿನ್ನೆ ಏಕೋ ಅನುಮಾನವಾಗಿ ಅತ್ತಿಗೆಗೆ ಫೋನ್ ಮಾಡಿದೆ.

"ಕತ್ತರಿಸಿದ್ದು ನಾನು ಕಣೋ," ಎಂದರು. "ಅದು ಸುಡೋದು ನಂಗೆ ಮೊದ್ಲೇ ಗೊತ್ತಿತ್ತು. ಅತ್ತೆ ನಂಗೋಸ್ಕರ ಹೊಲ್ದಿದ್ದು ಅದೊಂದೇ, ಹೆಂಗೆ ತೆಗೀಲಿ? ಕೊನೆಗೆ ಕೆಲಸಾನೇ ಹೋಗುತ್ತೆ ಅಂತಾದಾಗ, ಅವ್ರು ಮಲಗಿದ್ದಾಗ ಕತ್ತರಿಸ್ಬಿಟ್ಟೆ."

"ಅಮ್ಮ ಏನಂದ್ಲು?"

"ಮಾತೇ ಬಿಟ್ರು. ನಾನು ಅಳ್ತಾ ಅಳ್ತಾ ಟೈಪ್ ಮಾಡ್ತಿದ್ದೆ. ಆಮೇಲೊಂದಿನ ನೋಡ್ತೀನಿ, ನಾನು ಸೊಟ್ಟಗೆ ಮಾಡಿಟ್ಟ ಅಂಚನ್ನ ನೀಟಾಗಿ ಕತ್ತರಿಸಿ ಲೇಸ್ ಹೊಲೀತಾ ಕೂತಿದಾರೆ. 'ಕತ್ತರಿ ಹಿಡಿಯೋಕೂ ಬರಲ್ಲ ನಿಂಗೆ' ಅಂದ್ರು. ಅಷ್ಟೇ."

ಹಾಗಾದರೆ ಜ್ವರದ ಮಾತು ಯಾರದು? ಅತ್ತಿಗೆಗೆ ಗೊತ್ತಿಲ್ಲ. ಕೇಳೋಣವೆಂದರೆ ಅಮ್ಮ ಇಲ್ಲ. ನಾನೇ ಹೊಂದಿಸಿಕೊಂಡೆನೋ ಏನೋ. ನಾನು ಇಷ್ಟು ವರ್ಷ ನಗುತ್ತ ಹೇಳಿದ ಆ ಮಧ್ಯಾಹ್ನಗಳಲ್ಲಿ ಒಬ್ಬರು ಅಳುತ್ತ ಟೈಪ್ ಮಾಡುತ್ತಿದ್ದರು. ಅದೇ ಕೋಣೆಯಲ್ಲಿ ನಾನೂ ಇದ್ದೆ. ಎತ್ತ ನೋಡುತ್ತಿದ್ದೆನೋ.