ಕೇಳದೆ ಮಾಡಿದ ರಿಪೇರಿ

ಮೊಬೈಲ್ ರಿಪೇರಿ ಕಲಿಸುವ ಆ ಹೆಂಗಸನ್ನು ಮಕ್ಕಳು ಬೆನ್ನ ಹಿಂದೆ ‘ಇಕ್ಕಳ ಮೇಡಂ’ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ರಿಪೇರಿ ಅಂಗಡಿಯನ್ನು ಬಹಳ ವರ್ಷ ನಡೆಸಿದ ಕೈ ಅವರದು. ಕೆಟ್ಟದ್ದು ಕಂಡರೆ ಸುಮ್ಮನಿರದ ಕೈ. ತರಬೇತಿ ಕೇಂದ್ರದವರು ಬೆಸುಗೆಯ ಜೊತೆಗೆ ವಾರಕ್ಕೊಂದು ಪಾಠವನ್ನೂ ಅವರ ಕೊರಳಿಗೆ ಕಟ್ಟಿದ್ದರು: ಹರೆಯದ ಪ್ರೀತಿಯಲ್ಲಿ ಯಾವುದು ಅಕ್ಕರೆ, ಯಾವುದು ದಬ್ಬಾಳಿಕೆ. ಅದನ್ನೂ ಅವರು ಫೋನು ಬಿಚ್ಚಿದಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಕೊನೆಯ ಬೆಂಚಿನ ಹುಡುಗಿ ತನ್ನ ಫೋನು ತಂದಳು.

“ಚಾರ್ಜೇ ನಿಲ್ತಿಲ್ಲ ಮೇಡಂ.”

ಬ್ಯಾಟರಿ ಸರಿಯಾಗಿತ್ತು. ಅವಳು ಎಲ್ಲಿದ್ದಾಳೆಂದು ಇನ್ನೊಂದು ಫೋನಿಗೆ ಸದಾ ಚಾಡಿ ಹೇಳುವ ಆ್ಯಪೊಂದು ಒಳಗೆ ಕೂತಿತ್ತು.

“ಯಾರು ಹಾಕಿದ್ದು?”

“ನನ್ನ ಹುಡುಗ. ಅವನಿಗೆ ನಾನಂದ್ರೆ ಪ್ರಾಣ.”

“ಅದಕ್ಕೇ ಬ್ಯಾಟರಿ ಪ್ರಾಣ ತೆಗೀತಿದಾನೆ!”

ಬೆಂಚುಗಳೆಲ್ಲ ನಕ್ಕವು. ನಗು ನಿಲ್ಲುವುದರೊಳಗೆ ಮೇಡಂ ಆ್ಯಪನ್ನು ಕಿತ್ತುಹಾಕಿ ಫೋನು ಕೊಟ್ಟಿದ್ದರು.

ಮರುದಿನ ಹುಡುಗಿ ಉದ್ದ ತೋಳಿನ ಅಂಗಿ ತೊಟ್ಟು ಬಂದಳು. ಬೆಸುಗೆಗೆ ಕೂತರೆ ತೋಳು ಮಡಿಸಲೇಬೇಕೆಂಬುದು ಆ ಕೋಣೆಯ ನಿಯಮ. ಮಡಿಸಿದಾಗ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿದ್ದು ಕಂಡಿತು. ಮೇಡಂ ಅವಳನ್ನು ಬಿಡಿಭಾಗಗಳ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

“ನಡಿ, ಈಗಲೇ ಪೊಲೀಸ್ ಸ್ಟೇಷನ್ನಿಗೆ ಹೋಗೋಣ.”

“ನೀವು ಮತ್ತೆ ಶುರು ಮಾಡಿದ್ರಾ? ಕೇಳದೆ ಮಾಡೋದು ಪ್ರೀತಿ ಅಲ್ಲ ಅಂತ ಪಾಠ ಹೇಳಿದ್ದು ಯಾರು? ಅವನೂ ಕೇಳದೆ ಹಾಕಿದ, ನೀವೂ ಕೇಳದೆ ತೆಗೆದ್ರಿ. ತೆಗೆದಿದ್ದು ಅವನಿಗೆ ತಕ್ಷಣ ಗೊತ್ತಾಯ್ತು. ನಿನ್ನೆ ಸಂಜೆ ಇಲ್ಲೇ ಗೇಟಿನ ಹತ್ರ ಕೈ ತಿರುಚಿ ಮತ್ತೆ ಹಾಕಿಸ್ದ. ನೋವಾಗಿದ್ದು ನಿಮಗಲ್ಲ.”

ಹುಡುಗಿಯ ಮಾತಿನಲ್ಲಿ ಕೂದಲೆಳೆಯಷ್ಟೂ ಸುಳ್ಳಿರಲಿಲ್ಲ.

“ತಪ್ಪಾಯ್ತು ಕಣೇ. ಈಗ ನಿನಗೆ ಏನು ಬೇಕು, ನೀನೇ ಹೇಳು.”

ಹುಡುಗಿ ತೆರೆದಿದ್ದ ಸ್ಕ್ರೂ ಡಬ್ಬಿಯ ಮುಚ್ಚಳ ಮುಚ್ಚಿದಳು.

“ಚಿಕ್ಕಮ್ಮಂಗೆ ಹೇಳ್ಬೇಕು. ಒಬ್ಳೇ ಹೇಳೋಕೆ ಆಗಲ್ಲ.”

“ನಾನು ಬರಲಾ?”

“ಬನ್ನಿ. ಆದ್ರೆ ಮಾತಾಡೋದು ನಾನು. ಫೋನು ಇಲ್ಲೇ ಬೆಂಚಿನ ಮೇಲಿರ್ಲಿ, ಕ್ಲಾಸಲ್ಲೇ ಇದೀನಿ ಅನ್ಕೋತಾನೆ.”

ಚಿಕ್ಕಮ್ಮನದು ಎರಡು ಬೀದಿಯಾಚೆ ಔಷಧಿ ಅಂಗಡಿ. ಹುಡುಗಿ ತಡವರಿಸಿ ಹೇಳಿದಳು. ಮೇಡಂ ಎರಡು ಬಾರಿ ಬಾಯಿ ತೆರೆದು ಎರಡು ಬಾರಿಯೂ ಮಾತು ನುಂಗಿದರು. ಚಿಕ್ಕಮ್ಮ ಮಣಿಕಟ್ಟು ಹಿಡಿದು ನೋಡಿದಳು, ಬೈಯಲಿಲ್ಲ.

“ಇವತ್ತಿಂದ ನನ್ನ ಜೊತೆಗಿರು. ಸಂಜೆ ಕ್ಲಾಸಿಗೆ ನಾನೇ ಬಂದು ಕರ್ಕೊಂಡು ಬರ್ತೀನಿ. ನಿಮ್ಮಪ್ಪಂಗೆ ಹೇಳೋ ಭಾರ ನಂದು. ದೂರು ಕೊಡೋದಾ?”

“ಕೊಡೋಣ. ನಾಳೆ. ಇವತ್ತು ನನ್ನ ಕೈಲಾಗಲ್ಲ.”

ನಾಳೆ ಎಂದರೆ ಹಾಳು ಎಂದು ನಂಬಿದವರು ಮೇಡಂ. ಇವತ್ತೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ನಾಳೆ ಎಷ್ಟು ಹೊತ್ತಿಗೆ ಬರಲಿ?” ಎಂದು ಕೇಳಿದರು.