ಮೇಲಿನ ಸಾಲಿನ ಅಕ್ಷರ

ನೀವೇನು ಕೆಲಸ ಮಾಡುತ್ತೀರಿ ಎಂಬ ಸರಳ ಪ್ರಶ್ನೆಗೆ, ಇಪ್ಪತ್ತು ವರ್ಷಗಳ ಅನುಭವದ ನಂತರವೂ, ನನ್ನಲ್ಲಿ ಒಂದು ಸಭ್ಯವಾದ ಉತ್ತರ ಸಿದ್ಧವಾಗಿಲ್ಲ. ಡಾಕ್ಟರು, ಲಾಯರು, ಹೂವಿನಂಗಡಿಯವರು ಒಂದೇ ಪದದಲ್ಲಿ ಮುಗಿಸುವ ಸ್ವಪರಿಚಯವನ್ನು ನಾನು ವಿಚಾರಗೋಷ್ಠಿಯ ಉಪನ್ಯಾಸದಂತೆ ಎಳೆಯಬೇಕಾಗುತ್ತದೆ. ಮುಗಿಸುವ ಹೊತ್ತಿಗೆ ಕೇಳಿದವರು ಒಲೆಯ ಮೇಲೆ ಹಾಲಿಟ್ಟಿದ್ದನ್ನು ನೆನಪಿಸಿಕೊಂಡು ಎದ್ದು ಹೋಗಿರುತ್ತಾರೆ. ಪೂರ್ತಿ ಕೇಳಿಸಿಕೊಂಡವರೆಂದರೆ ಕಗ್ಗದಾಸಪುರದಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿರುವ ಮುನಿರಾಜಪ್ಪನವರೊಬ್ಬರೇ. ಈಗ ನಾಲ್ಕು ಅಂತಸ್ತು ಎದ್ದು ನಿಂತಿರುವ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆದವರು ಅವರು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ಸಾಫ್ಟ್‌ವೇರನ್ನು ನಾವು ಬರೆಯುತ್ತೇವೆ, ಒಳಗಿನದಕ್ಕೆ ತಾನು ಒಳಗಿದ್ದೇನೆಂಬುದೇ ಗೊತ್ತಿರುವುದಿಲ್ಲ ಎಂದು ನಾನು ವಿವರಿಸಿದಾಗ ಅವರು ಗೇಟಿಗೆ ಒರಗಿ ಕೇಳಿದರು.

"ಅಂದ್ರೆ ಬಾಡಿಗೆಗೆ ಬಂದೋನು ಒಳಗಡೆ ಇನ್ನೊಬ್ಬನ್ನ ಇಟ್ಕೊಂಡಂಗೆ. ಆ ಒಳಗಿರೋನು ಇದು ನನ್ನ ಸ್ವಂತ ಮನೆ ಅಂದ್ಕೊಂಡಿರ್ತಾನೆ. ನೀವು ನಮ್ಮನೇಲಿ ಹಂಗೇನೂ ಮಾಡ್ತಿಲ್ಲ ತಾನೇ?"

ಇಲ್ಲ ಎಂದೆ. ನನ್ನ ವೃತ್ತಿಗೆ ಇಷ್ಟು ನಿಖರವಾದ ವ್ಯಾಖ್ಯಾನವನ್ನು ನಮ್ಮ ಕಂಪನಿಯ ಕರಪತ್ರದಲ್ಲೂ ನಾನು ಓದಿರಲಿಲ್ಲ.

ಆ ವರ್ಷ ನನ್ನ ಪಾಲಿಗೆ ಬಂದಿದ್ದು ಈ ಸಾಫ್ಟ್‌ವೇರನ್ನು ಬೇರೊಂದು ಬಗೆಯ ಪ್ರೊಸೆಸರಿಗೆ ಒಗ್ಗಿಸುವ ಕೆಲಸ. ಕಂಪ್ಯೂಟರಿನ ಮಿದುಳಾದ ಈ ಪ್ರೊಸೆಸರುಗಳಲ್ಲಿ ಬೇರೆ ಬೇರೆ ಕುಲಗಳಿವೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಹಳೆಯ ಕುಲಕ್ಕೆಂದು ಬರೆದ ಪ್ರೋಗ್ರಾಮನ್ನು ಹೊಸ ಕುಲದ ಮೇಲೆ ನಡೆಸಬೇಕಾದರೆ ಅದರ ಒಂದೊಂದು ಸೂಚನೆಯನ್ನೂ ಅಲ್ಲಲ್ಲೇ ಅನುವಾದಿಸುತ್ತ ಹೋಗಬೇಕು. ಭಾಷಾಂತರವಿದ್ದಂತೆ ಇದಕ್ಕೆ ಯಂತ್ರಾಂತರ ಎಂದು ಹೆಸರಿಡೋಣವೆಂದು ನಾನು ಇಂದಿರಾನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಹೆಮ್ಮೆಯಿಂದ ಸೂಚಿಸಿದೆ. ಆರು ತಿಂಗಳಾಗುವಷ್ಟರಲ್ಲಿ ಸಹೋದ್ಯೋಗಿಗಳು ಅದನ್ನು ಅವಾಂತರ ಎಂದು ತಿದ್ದಿಕೊಂಡಿದ್ದರು.

ಹೊಸ ಆವೃತ್ತಿಗೆ ಮೊದಲ ಗಿರಾಕಿಯಾಗಿ ಸಿಕ್ಕಿದ್ದು ಕುಕ್ ಟೌನಿನ ಹಳೆಯ ಬಂಗಲೆಯೊಂದರ ಹಿಂಭಾಗದಲ್ಲಿದ್ದ ಬ್ರೈಲ್ ಮುದ್ರಣಾಲಯ. ಕಣ್ಣು ಕಾಣದ ಮಕ್ಕಳ ಪಠ್ಯಪುಸ್ತಕಗಳು ಅಲ್ಲಿ ಉಬ್ಬು ಚುಕ್ಕೆಗಳಾಗಿ ಅಚ್ಚಾಗುತ್ತಿದ್ದವು. ಕನ್ನಡವನ್ನು ಚುಕ್ಕೆಗಳಿಗೆ ಇಳಿಸುವ ಅವರ ಪ್ರೋಗ್ರಾಮನ್ನು ಬಹಳ ಹಿಂದೆ ಒಬ್ಬ ಎಂಜಿನಿಯರ್ ಬರೆದುಕೊಟ್ಟಿದ್ದರು. ಅವರು ಈಗಿಲ್ಲ, ಅದರ ಮೂಲ ಬರಹವೂ ಉಳಿದಿಲ್ಲ. ಅದು ನಡೆಯುತ್ತಿದ್ದ ಕಂಪ್ಯೂಟರ್ ಆ ಬೇಸಗೆಯಲ್ಲಿ ನಿಂತೇಹೋಯಿತು. ದಾನಿಗಳು ಕೊಡಿಸಿದ ಹೊಸ ಕಂಪ್ಯೂಟರಿನಲ್ಲಿದ್ದುದು ಹೊಸ ಕುಲದ ಪ್ರೊಸೆಸರ್. ಹೊಸದರೊಳಗೆ ಹಳೆಯದನ್ನು ಬದುಕಿಸುವುದು ನಮ್ಮ ಕೆಲಸ.

ಬದುಕಿಸಿದೆ. ಒಂದು ಸಾಲಿನಷ್ಟುದ್ದದ ವಾಕ್ಯವನ್ನು ಪುಟದುದ್ದಕ್ಕೂ ಮತ್ತೆ ಮತ್ತೆ ಮುದ್ರಿಸಿ, ಕಂಪ್ಯೂಟರಿನ ಕಡತದೊಡನೆ ಚುಕ್ಕೆ ಚುಕ್ಕೆಯನ್ನೂ ಹೋಲಿಸಿ, ಎಲ್ಲ ಸರಿಯಿದೆಯೆಂದು ಘೋಷಿಸಿದೆ. ಮುದ್ರಣಾಲಯದ ಮ್ಯಾನೇಜರ್ ಇನಾಯತ್ ಸಾಹೇಬರು ಶಿವಾಜಿನಗರದಿಂದ ಸಮೋಸ ತರಿಸಿದರು. ಹತ್ತು ದಿನಗಳ ನಂತರ ಅವರೇ ಫೋನ್ ಮಾಡಿದರು.

"ಮೇಡಂ, ಪುಸ್ತಕ ಪ್ರಿಂಟ್ ಆಗ್ತಿದೆ. ಆದ್ರೆ ಸೆಲ್ವಿ ಒಪ್ತಾ ಇಲ್ಲ."

ಸೆಲ್ವಿ ಅಲ್ಲಿನ ಕರಡು ತಿದ್ದುವವರು. ಹುಟ್ಟಿನಿಂದಲೇ ಕಣ್ಣು ಕಾಣದ ಅವರು ಜೋಗುಪಾಳ್ಯದ ಮನೆಯಲ್ಲಿ ತಮಿಳು ಮಾತಾಡಿ, ಬಸ್ಸಿನಲ್ಲಿ ಬಂದು, ಸಂಜೆಯವರೆಗೂ ಕನ್ನಡವನ್ನು ಬೆರಳಿನಿಂದ ಓದುವವರು. ನಾಲ್ಕನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಬೇರು ನೀರನ್ನು ಹೀರುತ್ತದೆ ಎಂಬುದು ಹೇರುತ್ತದೆ ಎಂದಾಗಿದೆಯಂತೆ. ಮೂರು ಪುಟಗಳ ನಂತರ ಇನ್ನೊಂದು ತಪ್ಪು, ಗಣಿತದಲ್ಲಿ ಎಂಟರ ಮಗ್ಗಿಯ ಒಂದು ಅಂಕಿಯೇ ಬೇರೆ. ಅದೇ ಪುಟವನ್ನು ಮತ್ತೆ ಮುದ್ರಿಸಿದರೆ ಆ ತಪ್ಪು ಇರುವುದಿಲ್ಲ, ಇನ್ನೆಲ್ಲೋ ಮತ್ತೊಂದು.

ಹೀಗೆ ಬಂದು ಹೋಗುವ ದೋಷವನ್ನು ನನ್ನ ವೃತ್ತಿಯವರು ಮೊದಲು ನೆರೆಮನೆಗೆ ದಾಟಿಸುತ್ತಾರೆ. ನಾನೂ ದಾಟಿಸಿದೆ. ನಮ್ಮ ಸಾಫ್ಟ್‌ವೇರಿನಲ್ಲಿ ಲೋಪವಿಲ್ಲ, ಮುದ್ರಣಯಂತ್ರದ ಸೂಜಿಗಳು ಸವೆದಿರಬೇಕು ಎಂದು ಗಂಭೀರವಾದ ಇಮೇಲ್ ಬರೆದೆ. ಇನಾಯತ್ ಸಾಹೇಬರು ನನ್ನನ್ನು ನಂಬಿ ಮೆಕ್ಯಾನಿಕ್ಕನ್ನು ಕರೆಸಿ ಯಂತ್ರವನ್ನು ಬಿಚ್ಚಿಸಿದರು. ಒಂದು ವಾರ ಮುದ್ರಣ ನಿಂತಿತು. ಸೂಜಿಗಳು ಚೆನ್ನಾಗಿಯೇ ಇದ್ದವು. ಶಾಲೆಗಳು ತೆರೆಯಲು ಮೂರು ವಾರ ಉಳಿದಾಗ ನಾನೇ ಹೋದೆ. ಇಷ್ಟು ದೊಡ್ಡ ಪುಸ್ತಕದಲ್ಲಿ ನಾಲ್ಕಾರು ಅಕ್ಷರ ತಪ್ಪಿದ್ದರೆ ಸದ್ಯಕ್ಕೆ ಕಳಿಸಬಾರದೇ ಎಂದು ಮೆಲ್ಲಗೆ ಕೇಳಿಯೂ ಬಿಟ್ಟೆ.

ಸೆಲ್ವಿ ಪುಟದ ಮೇಲಿಂದ ಕೈ ತೆಗೆಯಲಿಲ್ಲ. "ಕಣ್ಣಿರೋ ಮಗು ಪುಸ್ತಕದಲ್ಲಿ ತಪ್ಪಿದ್ರೆ ಬೇರೆ ಎಲ್ಲಾದ್ರೂ ನೋಡ್ಕೊಳ್ಳುತ್ತೆ ಮೇಡಂ. ಅಂಗಡಿ ಬೋರ್ಡು, ಪೇಪರು, ಗೋಡೆ, ಎಲ್ಲಾ ಕಡೆ ಅಕ್ಷರ ಇದೆ. ನಮ್ಮ ಮಗುಗೆ ಇದೊಂದೇ ಪುಸ್ತಕ. ಪಕ್ಕದ ಮಗು ಹತ್ರಾನೂ ಇದೇ."

ತಪ್ಪಿದ್ದ ಪುಟಗಳನ್ನೆಲ್ಲ ಕೊಡಿ, ಆಫೀಸಿಗೆ ಒಯ್ದು ನೋಡುತ್ತೇನೆ ಎಂದೆ.

"ತಪ್ಪಾದ ಅಕ್ಷರ ನೋಡ್ತೀರಿ. ಅದು ಎಲ್ಲಿಂದ ಬಂತು ಅಂತ ನೋಡಿದ್ರಾ?"

"ಎಲ್ಲಿಂದ ಅಂದ್ರೆ?"

"ನಾನು ಎರಡು ಕೈಯಲ್ಲಿ ಓದೋದು. ಬಲಗೈ ಈ ಸಾಲಲ್ಲಿ ಹೋಗ್ತಿದ್ರೆ ಎಡಗೈ ಮೇಲಿನ ಸಾಲಲ್ಲೇ ಇರುತ್ತೆ. ಬನ್ನಿ ಇಲ್ಲಿ." ಅವರು ನನ್ನ ತೋರುಬೆರಳನ್ನು ಹಿಡಿದು ಹೇರುತ್ತದೆಯ ಆ ತಪ್ಪು ಸ್ವರದ ಮೇಲಿಟ್ಟರು, ಬ್ರೈಲಿನಲ್ಲಿ ಸ್ವರ ವ್ಯಂಜನದ ಪಕ್ಕದಲ್ಲಿ ಪ್ರತ್ಯೇಕವಾಗಿಯೇ ನಿಲ್ಲುತ್ತದೆ; ನಂತರ ನೇರವಾಗಿ ಮೇಲಕ್ಕೆ ಸರಿಸಿದರು. "ಇದು ಬೇರೆ ಅನ್ನೋ ಪದದ ಏಕಾರ. ಕೆಳಗೆ ಬಂದಿರೋದೂ ಇದೇ. ಮಗ್ಗೀಲೂ ಹಂಗೇ, ಮೇಲಿನ ಸಾಲಲ್ಲಿ ಅದೇ ಜಾಗದಲ್ಲಿದ್ದ ಅಂಕಿ ಕೆಳಗಿಳಿದಿದೆ. ಎಲ್ಲಾ ತಪ್ಪೂ ಹಿಂಗೇ. ಸೂಜಿ ಸವೆದ್ರೆ ಚುಕ್ಕೆ ಕಮ್ಮಿ ಆಗುತ್ತೆ ಮೇಡಂ, ಮೇಲಿನ ಅಕ್ಷರ ಕೆಳಗೆ ಬರಲ್ಲ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಸೂಜಿ ಅಂದ್ರಲ್ಲ. ಎಂಜಿನಿಯರ್ ಹೇಳ್ತಿದ್ದಾರೆ ಅಂತ ಸುಮ್ನಾದೆ."

ಬಂಗಲೆಯ ಮೆಟ್ಟಿಲಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಾಗಲೇ ನನಗೆ ಎಲ್ಲವೂ ಅರ್ಥವಾಯಿತು. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರಿಯ ಕಾಲುಚೀಲ, ಹಾಗೆಯೇ ಸುಮಾರು ಹೊತ್ತು ಕೂತಿದ್ದೆ. ನಮ್ಮ ಸಾಫ್ಟ್‌ವೇರಿನೊಳಗೆ ಒಂದು ಸಾಲಿನಷ್ಟೇ ಉದ್ದದ, ಮನೆ ಮನೆಗಳಿರುವ ಒಂದು ತಟ್ಟೆ ಇದೆ. ಸಾಫ್ಟ್‌ವೇರಿನ ಒಂದು ಕೈ ಮನೆಯೊಳಗೆ ಅಕ್ಷರವಿಟ್ಟು, ಸಿದ್ಧವೆಂದು ಬಾವುಟ ಎತ್ತುತ್ತದೆ. ಇನ್ನೊಂದು ಕೈ ಬಾವುಟ ಕಂಡೊಡನೆ ಆ ಅಕ್ಷರವನ್ನು ತೆಗೆದು ಮುದ್ರಣಯಂತ್ರಕ್ಕೆ ಕೊಡುತ್ತದೆ. ಹಳೆಯ ಪ್ರೊಸೆಸರ್ ಶಿಸ್ತಿನದು, ಮೊದಲು ಮಾಡಿದ್ದು ಎಲ್ಲರಿಗೂ ಮೊದಲೇ ಕಾಣುವಂತೆ ನೋಡಿಕೊಳ್ಳುತ್ತಿತ್ತು. ಹೊಸದು ಚುರುಕಿನದು, ಅನುಕೂಲ ಕಂಡರೆ ಕ್ರಮ ಬದಲಿಸುತ್ತದೆ, ಬೇಡವೆಂದರೆ ನಾವೇ ಬಾಯಿಬಿಟ್ಟು ಹೇಳಬೇಕು. ನಾನು ಹೇಳಿರಲಿಲ್ಲ. ಅಪರೂಪಕ್ಕೊಮ್ಮೆ ಅಕ್ಷರಕ್ಕಿಂತ ಮೊದಲು ಬಾವುಟ ಕಾಣುತ್ತಿತ್ತು. ಆಗ ಆ ಮನೆಯಲ್ಲಿ ಇನ್ನೂ ಕೂತಿರುತ್ತಿದ್ದುದು ಹಿಂದಿನ ಸಾಲಿನ ಅಕ್ಷರ.

ಇದು ಪರೀಕ್ಷೆಯಲ್ಲಿ ಸಿಕ್ಕಿಬೀಳದಿದ್ದ ಕಾರಣ ಇನ್ನೂ ನಾಚಿಕೆಗೇಡಿನದು. ನಾನು ಪುಟದುದ್ದಕ್ಕೂ ಪ್ರತಿ ಸಾಲಿನಲ್ಲೂ ಮುದ್ರಿಸಿದ್ದು ಅದೇ ಒಂದು ವಾಕ್ಯ. ಮೇಲಿನ ಸಾಲಿನ ಅಕ್ಷರ ಕೆಳಗಿಳಿದಾಗಲೆಲ್ಲ ಅದು ಅಲ್ಲಿ ಇರಬೇಕಾದ ಅಕ್ಷರವೇ ಆಗಿತ್ತು. ತಪ್ಪು ನನ್ನ ಕಣ್ಣೆದುರೇ ಎಷ್ಟೋ ಸಲ ಆಗಿರಬೇಕು. ಪ್ರತಿ ಸಲವೂ ನಾನು ಅದಕ್ಕೆ ಪೂರ್ಣಾಂಕ ಕೊಟ್ಟಿದ್ದೆ.

ತಿದ್ದುಪಡಿ ಎರಡು ಸಾಲಿನದು. ಅಕ್ಷರವಿಟ್ಟ ಮೇಲೆ, ಬಾವುಟ ಎತ್ತುವ ಮುನ್ನ, ತಾಳು ಎನ್ನುವ ಒಂದು ಸೂಚನೆ. ಬಾವುಟ ಕಂಡ ಮೇಲೆ, ಅಕ್ಷರ ತೆಗೆಯುವ ಮುನ್ನ, ಇನ್ನೊಂದು. ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಿದ್ದು ಸೂಜಿಗಳ ವಿಷಯದ ನನ್ನ ಹಳೆಯ ಇಮೇಲನ್ನು ಹಿಂತೆಗೆದುಕೊಳ್ಳುವ ಇಮೇಲ್. ಮೊದಲ ಕರಡಿನಲ್ಲಿ ಪರಿಸ್ಥಿತಿ, ಸಂಕೀರ್ಣತೆ, ಅನಿರೀಕ್ಷಿತ ಎಂಬ ಪದಗಳೆಲ್ಲ ಬಂದಿದ್ದವು. ಎಲ್ಲವನ್ನೂ ಅಳಿಸಿ, ತಪ್ಪು ನನ್ನದು, ಅದನ್ನು ಕಂಡುಹಿಡಿದವರು ಸೆಲ್ವಿ ಎಂದು ಬರೆದು, ನಮ್ಮ ಆಡಳಿತ ನಿರ್ದೇಶಕರಿಗೂ ಒಂದು ಪ್ರತಿ ಹಾಕಿ ಕಳಿಸಿದೆ. ಅವರು ಪರೀಕ್ಷೆಯ ಪುಟಗಳನ್ನು ಮಾತ್ರ ಬದಲಿಸಲು ಹೇಳಿದರು.

ಮರುದಿನ ವಿಜ್ಞಾನದ ಪುಸ್ತಕ ಮೊದಲಿನಿಂದ ಮತ್ತೆ ಅಚ್ಚಾಯಿತು. ಸೆಲ್ವಿ ಓದುತ್ತಿದ್ದರೆ ನಾನೂ ಇನಾಯತ್ ಸಾಹೇಬರೂ ಎದುರಿನ ಬೆಂಚಿನಲ್ಲಿ ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಗಳಂತೆ ಕೂತಿದ್ದೆವು. ಮೂವತ್ತು ಪುಟ ದಾಟಿತು. ಅವರ ಬಲಗೈ ನಿಂತಿತು.

"ಇಲ್ಲಿ ತಪ್ಪಿದೆ."

"ಮೇಲಿನ ಸಾಲಿಂದು ಬಂದಿದ್ಯಾ?" ಎಂದೆ.

ಅವರು ಎಡಗೈ ಆಡಿಸಿದರು. "ಇಲ್ಲ. ಸೂರ್ಯನ ಕಿರಣ ಅಂತ ಇರ್ಬೇಕು, ಕಾರಣ ಅಂತಿದೆ. ಇದು ನಮ್ಮಲ್ಲಿ ಟೈಪ್ ಮಾಡಿದವರದ್ದು. ನಿಮ್ಮದಲ್ಲ."

ಪರರ ತಪ್ಪಿನಿಂದ ಇಷ್ಟು ಸಂತೋಷಪಟ್ಟಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ ಎಂದು ಹೇಳಲಾರೆ, ಆದರೆ ಅಷ್ಟು ಬಹಿರಂಗವಾಗಿ ಎಂದೂ ಪಟ್ಟಿರಲಿಲ್ಲ. ಇನಾಯತ್ ಸಾಹೇಬರು ಮುಖ ಬೇರೆ ಕಡೆ ತಿರುಗಿಸಿ ನಕ್ಕರು.

ಶಾಲೆ ತೆರೆಯುವ ಎರಡು ದಿನ ಮೊದಲು ಪುಸ್ತಕದ ಕಟ್ಟುಗಳು ವ್ಯಾನಿನಲ್ಲಿ ಹೊರಟವು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೂ ಈಗ ಶನಿವಾರದ ಬೆಳಿಗ್ಗೆ ಕುಕ್ ಟೌನಿಗೆ ಹೋಗುತ್ತೇನೆ, ಸೆಲ್ವಿಯವರ ಬಳಿ ಬ್ರೈಲ್ ಕಲಿಯಲು. ತಮಿಳಿಗೂ ಕನ್ನಡಕ್ಕೂ ಅದರಲ್ಲಿ ಬಹುಪಾಲು ಅವೇ ಚುಕ್ಕೆಗಳೆಂದು ತಿಳಿದಾಗ, ತಿಂಗಳುಗಟ್ಟಲೆ ನಾನು ಹೆಣಗಿದ, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದ ಸಮಸ್ಯೆಯನ್ನು ಯಾರೋ ಆರೇ ಚುಕ್ಕೆಗಳಲ್ಲಿ ಮುಗಿಸಿದ್ದಾರೆಂದು ಸ್ವಲ್ಪ ಅಸೂಯೆಯಾಯಿತು. ನನ್ನ ಬೆರಳುಗಳು ಕೀಲಿಮಣೆಗೆ ಒಗ್ಗಿದವು, ಕಾಗದಕ್ಕೆ ಇನ್ನೂ ಒಗ್ಗಿಲ್ಲ. ಕಳೆದ ವಾರ ಮೊದಲ ಬಾರಿಗೆ ಒಂದು ಇಡೀ ಸಾಲು ಓದಿದೆ. ಮಳೆ ಬಂತು ಎಂಬುದನ್ನು ಮನೆ ಬಂತು ಎಂದು ಓದಿ, ಅರ್ಥವಾಗದೆ ತಲೆಯೆತ್ತಿದೆ.

"ಇನ್ನೊಂದ್ಸಲ ಓದಿ," ಎಂದರು ಸೆಲ್ವಿ. "ನಿಧಾನಕ್ಕೆ."

ಓದಿದೆ.