ಮರಡಿಯ ಮೇಲೆ ತಿದ್ದಿದ ಕಂಪಾಸು

1951ರ ಜುಲೈ ತಿಂಗಳಲ್ಲಿ ನಾನು ಹೈದರಾಬಾದಿನ ಒಂದು ಖಾಸಗಿ ವಿಮಾನ ವರ್ಕ್‌ಶಾಪಿನಲ್ಲಿ ಉಪಕರಣಗಳ ಇಂಜಿನಿಯರ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ಲೈಸೆನ್ಸು ಕೈಗೆ ಬಂದು ಹನ್ನೊಂದು ತಿಂಗಳಾಗಿತ್ತು. ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಕುರಿ ಕಾಯುತ್ತಿದ್ದ. ಅಪ್ಪನ ಕಡೆಯಾಗಲಿ ಅವ್ವನ ಕಡೆಯಾಗಲಿ ನನಗಿಂತ ಮೊದಲು ಸಹಿ ಮಾಡಲು ಬರುತ್ತಿದ್ದವರು ಒಬ್ಬರೂ ಇರಲಿಲ್ಲ. ಲಿಂಗಸುಗೂರಿನಲ್ಲಿ ಉರ್ದು ಕಲಿತು, ರಾಯಚೂರಿನಲ್ಲಿ ಮಠದ ಪ್ರಸಾದ ಉಂಡು ಓದಿ, ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿದವನು ನಾನು. ಇದನ್ನು ಹೇಳುವಾಗ ಈಗಲೂ ಎದೆ ಸ್ವಲ್ಪ ಉಬ್ಬುತ್ತದೆ. ಆಗ ಬಹಳ ಉಬ್ಬುತ್ತಿತ್ತು. ನಡೆದದ್ದರಲ್ಲಿ ಅದಕ್ಕೂ ಒಂದು ಪಾಲಿದೆ.

ಮಸ್ಕಿಯಲ್ಲಿ ಹತ್ತಿ ಬಿಡಿಸುವ ಜಿನ್ನು, ಸಿಂಧನೂರಿನಲ್ಲಿ ಶೇಂಗಾ ಎಣ್ಣೆ ಗಿರಣಿ ಇದ್ದ ಅಮರೇಶಪ್ಪ ಸಾಹುಕಾರರು ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮೂರು ಸೀಟಿನ ವಿಮಾನವೊಂದನ್ನು ಕೊಂಡಿದ್ದರು. ಮಳೆಗಾಲದಲ್ಲಿ ನಮ್ಮ ಎರೆನಾಡಿನ ಕಪ್ಪು ಮಣ್ಣಿನ ದಾರಿಗಳಲ್ಲಿ ಲಾರಿ ವಾರಗಟ್ಟಲೆ ಹೂತು ನಿಲ್ಲುತ್ತಿದ್ದ ಕಾಲ ಅದು. ಅವರ ಪೈಲಟ್ ಮುದಗಲ್ಲಿನ ಖಾದರ್ ಸಾಹೇಬರು. ಯುದ್ಧದಲ್ಲಿ ಬರ್ಮಾ ಗಡಿಯ ಮೇಲೆ ಹಾರಾಡಿ ಬಂದವರು, ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ವಿಮಾನದಲ್ಲಿ ರೇಡಿಯೊ ಇರಲಿಲ್ಲ. ಮೋಡ ಕವಿದರೆ ಖಾದರ್ ಸಾಹೇಬರು ಹಾರುತ್ತಿರಲಿಲ್ಲ. ಸಾಹುಕಾರರಿಗೆ ಅದು ಸರಿಬರಲಿಲ್ಲ. ಹೈದರಾಬಾದಿನ ವಿಮಾನ ನಿಲ್ದಾಣದ ಜೊತೆ ಮಾತಾಡುವಂಥ ರೇಡಿಯೊ ಕೂಡಿಸಿಕೊಡಿ ಎಂದು ನಮ್ಮ ವರ್ಕ್‌ಶಾಪಿಗೆ ಹೇಳಿ ಕಳಿಸಿದರು. ಆ ಕಡೆಯ ಹುಡುಗ ಎಂದು ಮಾಲೀಕರು ನನ್ನನ್ನೇ ಕಳಿಸಿದರು.

ಹಳೆಯ ಮಿಲಿಟರಿ ರೇಡಿಯೊ, ಹದಿನಾಲ್ಕು ಸೇರು ಭಾರ. ಪೈಲಟ್ಟನ ಕಣ್ಣೆದುರಿನ ಹಲಗೆಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲ. ನಡುವಿದ್ದ ಕಂಪಾಸನ್ನು ಕಿತ್ತು ಒಂದು ಗೇಣು ಬಲಕ್ಕೆ ಕೂಡಿಸಿದೆ. ಹೀಗೆ ಜಾಗ ಬದಲಿಸಿದ ಕಂಪಾಸನ್ನು ‘ಸ್ವಿಂಗ್’ ಮಾಡದೆ ವಿಮಾನ ಬಿಡುವ ಹಾಗಿಲ್ಲ. ಸ್ವಿಂಗ್ ಎಂದರೆ, ವಿಮಾನದ ಮೂತಿಯನ್ನು ನೆಲದ ಮೇಲೆ ನಾಲ್ಕು ದಿಕ್ಕಿಗೂ ಒಂದೊಂದಾಗಿ ತಿರುಗಿಸಿ ನಿಲ್ಲಿಸಿ, ಸೂಜಿ ಅದೇ ದಿಕ್ಕನ್ನು ತೋರಿಸುತ್ತದೆಯೇ ಎಂದು ನೋಡುವುದು. ರೇಡಿಯೊದ ಕಬ್ಬಿಣ ಸೂಜಿಯನ್ನು ಎಳೆಯಬಹುದಲ್ಲ, ಅದಕ್ಕೆ.

ಬೇಸಿಗೆಯಲ್ಲಿ ವಿಮಾನ ಸಿಂಧನೂರಿನ ಎರೆ ಹೊಲದಲ್ಲಿ ಇಳಿಯುತ್ತಿತ್ತು. ಮಳೆ ಬಿದ್ದರೆ ಅಲ್ಲಿ ಗಾಲಿ ಹೂತುಹೋಗುತ್ತಿದ್ದವು. ಹಾಗಾಗಿ ಆ ವರ್ಷ ಮಸ್ಕಿಯಿಂದ ಹಟ್ಟಿಯ ಕಡೆಗಿನ ಒಂದು ಮರಡಿಯ, ಅಂದರೆ ಕಲ್ಲುದಿಬ್ಬದ ಮೇಲೆ, ಕರಿ ಕಲ್ಲಿನ ಗಟ್ಟಿ ನೆಲದಲ್ಲಿ, ಸಾಹುಕಾರರು ವಿಮಾನ ಇಳಿಯುವ ಹೊಸ ಪಟ್ಟಿ ಮಾಡಿಸಿದ್ದರು. ಕಾವಲಿಗೆ ದುರುಗಪ್ಪ ಎಂಬ ಅರವತ್ತರ ಮುದುಕ. ಹಿಂದೆ ಹಟ್ಟಿಯ ಗಣಿ ಸರ್ವೇಯಲ್ಲಿ ಅಳತೆಯ ಸರಪಳಿ ಹಿಡಿಯುತ್ತಿದ್ದನಂತೆ.

ಸ್ವಿಂಗ್ ಮಾಡುವಾಗ ದಿಕ್ಕನ್ನು ಹೋಲಿಸಲು ಕೈಯಲ್ಲಿ ಹಿಡಿಯುವ ಇನ್ನೊಂದು ಕಂಪಾಸು ಬೇಕು. ನಮ್ಮ ವರ್ಕ್‌ಶಾಪಿನದು ಬೇರೆ ಕೆಲಸದ ಮೇಲೆ ಹೋಗಿತ್ತು. ಅದು ಬರಲಿ ಎಂದು ಕಾಯಬಹುದಿತ್ತು. ಸೂರ್ಯ ಇರುವಾಗ ಕೈಕಂಪಾಸು ಯಾಕೆ ಎಂದುಕೊಂಡೆ. ಎರಡು ದಿನ ಹೊಳವಾಗಿ ಬಿಸಿಲು ಬಿದ್ದಿತ್ತು. ನೆಲಕ್ಕೆ ಕೋಲು ನೆಟ್ಟು, ಸುತ್ತ ವರ್ತುಲ ಬರೆದು, ಬೆಳಿಗ್ಗೆ ನೆರಳಿನ ತುದಿ ವರ್ತುಲ ಮುಟ್ಟಿದಲ್ಲಿ ಒಂದು ಗೂಟ, ಸಂಜೆ ಮುಟ್ಟಿದಲ್ಲಿ ಇನ್ನೊಂದು ಗೂಟ. ಎರಡನ್ನೂ ಕೂಡಿಸಿದರೆ ಪಕ್ಕಾ ಪೂರ್ವ–ಪಶ್ಚಿಮ. ಸೂಜಿಯ ಉತ್ತರಕ್ಕೂ ಭೂಮಿಯ ಉತ್ತರಕ್ಕೂ ನಮ್ಮ ಸೀಮೆಯಲ್ಲಿ ಇರುವ ಅಂತರ ಬಹಳ ಸಣ್ಣದು. ಸುಣ್ಣ ಎಳೆಸಿದೆ. ಆ ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇವತ್ತಿಗೂ ಆ ಮಾತು ಹೇಳಬಲ್ಲೆ.

ದುರುಗಪ್ಪ ವಿಮಾನದ ಬಾಲ ಎತ್ತಿ ತಿರುಗಿಸಿದ. ನಾನು ಒಳಗೆ ಕೂತು ಓದಿದೆ. ಉತ್ತರಕ್ಕೆ ನಿಲ್ಲಿಸಿದರೆ ಕಂಪಾಸಿನಲ್ಲಿ ಹನ್ನೆರಡು ಡಿಗ್ರಿ ಕಡಿಮೆ. ಪೂರ್ವಕ್ಕೂ ಹನ್ನೆರಡು ಕಡಿಮೆ. ದಕ್ಷಿಣ, ಪಶ್ಚಿಮಕ್ಕೂ ಅಷ್ಟೇ. ರೇಡಿಯೊ ಹಚ್ಚಿದೆ, ಆರಿಸಿದೆ, ಸೂಜಿ ಅಲುಗಲಿಲ್ಲ. ಅಂದರೆ ರೇಡಿಯೊದ ತಪ್ಪಲ್ಲ. ನಾಲ್ಕೂ ದಿಕ್ಕಿಗೆ ತಪ್ಪು ಒಂದೇ ಸಮ ಇದ್ದರೆ ಕಂಪಾಸನ್ನು ಸೊಟ್ಟ ಕೂಡಿಸಲಾಗಿದೆ ಎಂದು ಪುಸ್ತಕ ಹೇಳುತ್ತದೆ. ಸ್ಕ್ರೂ ಸಡಿಲಿಸಿ, ಕಂಪಾಸನ್ನೇ ಅಷ್ಟು ತಿರುಗಿಸಿ ಬಿಗಿ ಮಾಡು. ಪುಸ್ತಕ ಬಾಯಿಪಾಠವಿತ್ತು. ತಿರುಗಿಸಹೋದರೆ ಸ್ಕ್ರೂವಿನ ಸೀಳು ಆರು ಡಿಗ್ರಿಗಿಂತ ಹೆಚ್ಚಿಗೆ ಬಿಡಲಿಲ್ಲ. ಹನ್ನೆರಡು ಡಿಗ್ರಿ ಸೊಟ್ಟ ಕೂಡಿಸುವಷ್ಟು ಕುರುಡ ನಾನಲ್ಲ ಎಂದು ಅಲ್ಲಿಯಾದರೂ ಕೈ ತಡೆಯಬೇಕಿತ್ತು. ತಡೆಯಲಿಲ್ಲ. ಅರ ತೆಗೆದುಕೊಂಡು ಉಜ್ಜಿ ಸೀಳನ್ನೇ ಉದ್ದ ಮಾಡಿದೆ. ತಿರುಗಿಸಿದೆ. ಈಗ ನಾಲ್ಕೂ ದಿಕ್ಕು ಸರಿ. ಸ್ಕ್ರೂಗಳ ಮೇಲೆ ಕೆಂಪು ಬಣ್ಣದ ಸೀಲು ಇಟ್ಟು, ಕಂಪಾಸಿನ ಪಕ್ಕ ಸಿಕ್ಕಿಸುವ ತಪಾಸಣೆಯ ಕಾರ್ಡಿನ ಮೇಲೆ ಬಿ.ಎಸ್ಸಿ. ಸಮೇತ ಸಹಿ ಹಾಕಿದೆ.

ಸೂಜಿ ಸರಿ ಐತೇನು ತಮ್ಮಾ ಎಂದು ಖಾದರ್ ಸಾಹೇಬರು ಒಂದೇ ಸಲ ಕೇಳಿದರು.

“ಸೂರ್ಯನ್ನ ಕೇಳಿ ಕಟ್ಟೀನ್ರಿ,” ಎಂದೆ.

ಆಗಸ್ಟ್ ಮೊದಲ ವಾರದಲ್ಲಿ ಅವರು ಸಾಹುಕಾರರ ಅಳಿಯನನ್ನು ಕೂಡಿಸಿಕೊಂಡು ಹೈದರಾಬಾದಿಗೆ ಹೊರಟರು. ನೂರಾ ಅರವತ್ತು ಮೈಲು, ಸುಮಾರು ಎರಡು ಗಂಟೆಯ ದಾರಿ. ಕೃಷ್ಣಾ ನದಿ ದಾಟುವ ಮೊದಲೇ ಕೆಳಗೆ ಮೋಡ ಮುಚ್ಚಿತು. ರೇಡಿಯೊ ಇತ್ತು, ಕಂಪಾಸಿತ್ತು, ಮೋಡದ ಮೇಲೆಯೇ ಮುಂದೆ ಹೋದರು. ನಾನು ಹೈದರಾಬಾದಿನ ನಿಲ್ದಾಣದಲ್ಲಿ ಕಾಯುತ್ತಿದ್ದೆ; ನಾನು ಕೂಡಿಸಿದ ರೇಡಿಯೊದಲ್ಲಿ ಅವರ ದನಿ ಸ್ವಚ್ಛವಾಗಿ ಕೇಳುತ್ತಿತ್ತು. ದಿಕ್ಕು ಸರಿಯಾಗಿದೆ, ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತೇವೆ ಎಂದರು. ನನಗೆ ಖುಷಿಯಾಯಿತು. ಆಮೇಲೆ ದನಿ ನಿಂತಿತು.

ಮಧ್ಯಾಹ್ನ ಸುದ್ದಿ ಬಂತು. ವಿಮಾನ ಹೈದರಾಬಾದಿನಿಂದ ಮೂವತ್ತು ಮೈಲು ವಾಯವ್ಯಕ್ಕೆ, ಮೆದಕ್ ಕಡೆಯ ಒಂದು ಕೆರೆಯಂಗಳದಲ್ಲಿ ಪೆಟ್ರೋಲು ಮುಗಿದು ಇಳಿದು, ಕೆಸರಿಗೆ ಮೂತಿ ಕೊಟ್ಟು ನಿಂತಿತ್ತು. ಅಳಿಯನ ಕಾಲು ಎರಡು ಕಡೆ ಮುರಿದಿತ್ತು. ಖಾದರ್ ಸಾಹೇಬರ ಹಣೆ ಒಡೆದಿತ್ತು.

ನಿಜವಾದ ಗಂಡಾಂತರ ಶುರುವಾದದ್ದು ಆಮೇಲೆ. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆ ಆಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಮುಸಲ್ಮಾನ ಪೈಲಟ್, ದಾರಿ ಬಿಟ್ಟು ಹೋದ ವಿಮಾನ, ದಿಕ್ಕು ಸರಿಯಾಗಿದೆ ಎಂದು ರೇಡಿಯೊದಲ್ಲಿ ಹೇಳಿದ ‘ಸುಳ್ಳು’. ಯಾರನ್ನು ಕಾಣಲು ಹೋಗಿದ್ದೆ, ಏನು ಒಯ್ದಿದ್ದೆ ಎಂದು ಪೊಲೀಸರು ಖಾದರ್ ಸಾಹೇಬರನ್ನು ಕೇಳಿದರು. ಲೈಸೆನ್ಸು ಕಸಿದುಕೊಂಡು, ಲಿಂಗಸುಗೂರು ಠಾಣೆಯಲ್ಲಿ ದಿನಾ ಬಂದು ಕೂಡಬೇಕೆಂದರು. ವಿಮಾನಯಾನ ಇಲಾಖೆಯ ತಪಾಸಣಾಧಿಕಾರಿ ಬಂದ ಮೇಲೆ ಕೇಸು ಎಂದು ಅಮೀನರು, ಅಂದರೆ ಅಲ್ಲಿನ ಸಬ್ ಇನ್ಸ್‌ಪೆಕ್ಟರು, ಹೇಳಿದರು. ನನ್ನ ಹೇಳಿಕೆಯನ್ನೂ ಬರೆಸಿಕೊಂಡರು. ಕಂಪಾಸಿನಲ್ಲಿ ತಪ್ಪಿಲ್ಲ, ನಾನೇ ಕಟ್ಟಿದ್ದೇನೆ ಎಂದು ಬರೆಸಿದೆ. ಅದು ಖಾದರ್ ಸಾಹೇಬರ ಕೊರಳಿಗೆ ಹಗ್ಗ ಎಂದು ನನಗೆ ಹೊಳೆಯಲೇ ಇಲ್ಲ.

ವಿಮಾನ ಬಿಚ್ಚಿ ತರಲು ವರ್ಕ್‌ಶಾಪಿನವರು ನನ್ನನ್ನೇ ಕೆರೆಯಂಗಳಕ್ಕೆ ಕಳಿಸಿದರು. ಈ ಸಲ ಕೈಕಂಪಾಸು ಜೊತೆಯಲ್ಲಿತ್ತು. ಸುಮ್ಮನೆ ವಿಮಾನದ ಹಿಂದೆ ಮೂವತ್ತು ಹೆಜ್ಜೆ ದೂರ ನಿಂತು, ಬಾಲದಿಂದ ಮೂತಿಯವರೆಗೆ ನೇರ ನೋಡಿ ದಿಕ್ಕು ಹಿಡಿದೆ. ಆಮೇಲೆ ಒಳಗಿನ ಕಂಪಾಸು ಓದಿದೆ. ಹನ್ನೆರಡು ಡಿಗ್ರಿ ಹೆಚ್ಚು. ಮತ್ತೆ ನೋಡಿದೆ. ಮತ್ತೂ ಹನ್ನೆರಡು. ಬಿದ್ದ ಪೆಟ್ಟಿಗೆ ಜರುಗಿರಬೇಕು ಎಂದು ಸ್ಕ್ರೂ ನೋಡಿದೆ. ನನ್ನ ಕೆಂಪು ಸೀಲು ಒಡೆದಿರಲಿಲ್ಲ.

ಕೆಸರಿನಲ್ಲಿಯೇ ಕೂತುಬಿಟ್ಟೆ. ನೂರಾ ಅರವತ್ತು ಮೈಲಿನಲ್ಲಿ ಹನ್ನೆರಡು ಡಿಗ್ರಿ ಎಂದರೆ ಮೂವತ್ಮೂರು ಮೈಲು ತಪ್ಪುತ್ತದೆ. ವಿಮಾನ ಅಷ್ಟೇ ತಪ್ಪಿತ್ತು. ನಾನು ಉಜ್ಜಿ ತಿರುಗಿಸಿದಷ್ಟೇ. ಆದರೆ ಹೇಗೆ? ನನ್ನ ಗೆರೆ ಸರಿಯಿತ್ತು. ಸೂರ್ಯ ಸುಳ್ಳು ಹೇಳುವುದಿಲ್ಲ.

ಮರುದಿನ ಬಸ್ಸು ಹಿಡಿದು ಮಸ್ಕಿಗೆ ಹೋಗಿ ಮರಡಿ ಹತ್ತಿದೆ. ಸುಣ್ಣದ ಗೆರೆ ಮಳೆಗೆ ತೊಳೆದಿತ್ತು, ಗೂಟಗಳಿದ್ದವು. ಕೈಕಂಪಾಸು ಹಿಡಿದು ಒಂದು ಗೂಟದಿಂದ ಇನ್ನೊಂದರ ಕಡೆ, ಅದನ್ನೂ ದಾಟಿ ಗೆರೆ ಇದ್ದ ನೇರಕ್ಕೆ, ನಡೆದೆ. ನಡೆದಂತೆ ಸೂಜಿ ತಿರುಗಿತು. ಹತ್ತು ಹೆಜ್ಜೆಗೆ ಎಂಟು ಡಿಗ್ರಿ, ಇಪ್ಪತ್ತಕ್ಕೆ, ಅಂದು ವಿಮಾನ ನಿಲ್ಲಿಸಿದ್ದ ಜಾಗದಲ್ಲಿ, ಹನ್ನೆರಡು, ಮುಂದಿದ್ದ ಒಂದು ಕರಿ ಬಂಡೆಯ ಹತ್ತಿರ ಇಪ್ಪತ್ತು. ನಾನು ನಿಂತ ನೆಲವೇ ಸೂಜಿಯನ್ನು ಎಳೆಯುತ್ತಿತ್ತು. ಕಂಪಾಸು ಆ ದಿನ ಸರಿಯಾಗಿಯೇ ಕೂತಿತ್ತು. ಅದನ್ನು ಸೊಟ್ಟ ಮಾಡಿದವನು ನಾನು. ಕೈಕಂಪಾಸಿಗೆ ಕಾದಿದ್ದರೆ ಹೆಜ್ಜೆಗೊಂದು ದಿಕ್ಕು ತೋರಿಸುವ ಅದರ ಸೂಜಿಯೇ ನೆಲದ ದೋಷ ತಿಳಿಸಿ, ವಿಮಾನದ ಕಂಪಾಸು ಇದ್ದ ಹಾಗೇ ಉಳಿಯುತ್ತಿತ್ತು.

ದುರುಗಪ್ಪ ಬೀಡಿ ಸೇದುತ್ತಾ ನೋಡುತ್ತಿದ್ದ.

“ಅದು ಹಂಗ್ರೀ ಇಲ್ಲಿ,” ಎಂದ. “ಈ ಕಲ್ಲಾಗ ಕಬ್ಬುಣ ಐತಿ. ನಮ್ಮ ಸರ್ವೇ ಸಾಹೇಬ್ರು ಈ ಮರಡಿಗಿ ಬಂದ್ರ ಸೂಜಿ ಪೆಟಗಿ ಬಿಚ್ಚತಿದ್ದಿಲ್ಲ.”

“ಮತ್ತ ಅವತ್ತ ಯಾಕ ಹೇಳಲಿಲ್ಲೋ?”

“ಬಾಲ ಹಿಡಿ ಅಂದ್ರಿ, ಹಿಡದೆ. ಕಲ್ಲಿನ ಮಾತ ನೀವು ಕೇಳಲೇ ಇಲ್ಲಲ್ರೀ.”

ನಾನು ಮೊದಲು ಹೋದದ್ದು ಠಾಣೆಗಲ್ಲ, ಸಾಹುಕಾರರ ಹತ್ತಿರ. ಧೈರ್ಯ ಸಾಲಲಿಲ್ಲ ಎಂದೇ ಬರೆಯುತ್ತೇನೆ. ಅವರು ಜಿನ್ನಿನ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ಸಿಟ್ಟಾಗಲಿಲ್ಲ. ನೀರು ತರಿಸಿ ಕೊಟ್ಟು, ಬಾಗಿಲು ಮುಂದೆ ಮಾಡಿದರು. ನಿಮ್ಮ ಅಪ್ಪ ಹೊಟ್ಟೆ ಕಟ್ಟಿ ಓದಿಸಿದ್ದು ಇದಕ್ಕೇನು, ತಪ್ಪು ನನ್ನದೆಂದು ಠಾಣೆಗೆ ಬರೆದುಕೊಟ್ಟರೆ ನಿನ್ನ ಲೈಸೆನ್ಸು ಉಳಿಯುತ್ತದೇನು ಎಂದರು.

“ನೀ ನಮ್ಮಾಂವ, ಹನಮಂತಾ. ಸುಮ್ಮನಿರು,” ಎಂದರು. “ಅಂವ ಹ್ಯಾಂಗೂ ಸಿಕ್ಕೊಂಡಾನ.”

ಒಳ್ಳೆಯ ಮನುಷ್ಯರು ಅವರು. ನಮ್ಮೂರಿಗೆ ಶಾಲೆ ಕಟ್ಟಿಸಿದವರು. ನಾಲ್ಕು ವರ್ಷ ಅವರ ಉಪ್ಪು ಉಂಡ ಮನುಷ್ಯನ ಬಗ್ಗೆ, ಸಂತೆಗೆ ಹೋದ ಎತ್ತಿನ ಬಗ್ಗೆ ಆಡುವಂತೆ ಆಡಿದ ಆ ಮಾತು ನನ್ನನ್ನು ಹೊಡೆದು ನಿಲ್ಲಿಸಿತು. ಅದಕ್ಕಿಂತ ಹೆಚ್ಚು ಹೊಡೆದದ್ದು ಇನ್ನೊಂದು: ಅರೆಗಳಿಗೆ ನನಗೂ ಆ ಮಾತು ಹಿತವೆನಿಸಿತ್ತು.

ಠಾಣೆಗೆ ನಡೆದೇ ಹೋದೆ ಎಂದರೆ ಸುಳ್ಳಾದೀತು; ಬಸ್ಸು ಬಂತು, ಹತ್ತಿದೆ. ಲಿಂಗಸುಗೂರಿನಲ್ಲಿ ಇಳಿದಾಗ ಖಾದರ್ ಸಾಹೇಬರು ಠಾಣೆಯ ಕಟ್ಟೆಯ ಮೇಲೆ, ಹಣೆಗೆ ಪಟ್ಟಿ ಕಟ್ಟಿಕೊಂಡು, ಇಸ್ತ್ರಿ ಮಾಡಿದ ಪೈಲಟ್ಟಿನ ಅಂಗಿಯಲ್ಲೇ ಕೂತಿದ್ದರು. ಅಮೀನರ ಮುಂದೆ ಹಳೆಯ ಹೇಳಿಕೆ ತಪ್ಪು ಎಂದು ಹೇಳಿ ಹೊಸದನ್ನು ಬರೆದುಕೊಟ್ಟೆ. ಅಮೀನರು ಎರಡು ಸಲ ಓದಿ, ನಿಮಗೆ ಯಾರಾದರೂ ಹೆದರಿಸಿದ್ದಾರೇನು ಎಂದು ಕೇಳಿದರು. ಇಲ್ಲ ಎಂದೆ. ತಪಾಸಣಾಧಿಕಾರಿ ಬಂದ ದಿನ ಮರಡಿಯ ಮೇಲೆ ಅವರ ಕೈಗೇ ಕಂಪಾಸು ಕೊಟ್ಟು ನಡೆಸಿದೆ. ನನ್ನ ಲೈಸೆನ್ಸು ಆರು ತಿಂಗಳು ಹೋಯಿತು. ಖಾದರ್ ಸಾಹೇಬರದು ಹನ್ನೊಂದನೇ ದಿನಕ್ಕೆ ತಿರುಗಿ ಬಂತು.

ಹೊಸ ಹೇಳಿಕೆ ಬರೆದುಕೊಟ್ಟು ಕಟ್ಟೆಗೆ ಬಂದು, ತಪ್ಪು ನನ್ನದು ಎಂದು ಅವರಿಗೆ ಹೇಳಿದಾಗ ಅವರು ಬೈಯಲಿಲ್ಲ.

“ಮೋಡದ ಮ್ಯಾಲೆ ನನಗ ಅನುಮಾನ ಬಂದಿತ್ತು ತಮ್ಮಾ. ಬಿಸಲು ಬಲಗಡಿ ಭುಜದ ಮ್ಯಾಲೆ ಬೀಳಬೇಕಾದಲ್ಲಿ ಬೀಳಾಕತ್ತಿದ್ದಿಲ್ಲ. ಸೂಜಿ ನೋಡಿದೆ. ಬಾಜೂಕ ನಿನ್ನ ಸಹಿ ಇತ್ತು. ಓದಿದ ಹುಡುಗ, ಕುರುಬರ ಮನ್ಯಾಗ ಹುಟ್ಟಿ ಅಷ್ಟು ದೂರ ಬಂದಾನ, ಅಂವ ತಪ್ಪಲಿಕ್ಕಿಲ್ಲ ಅಂದೆ. ಭುಜ ಬಿಟ್ಟು ಸಹಿ ನಂಬಿದೆ.”

ಪೊಲೀಸರ ಅನುಮಾನವಾಗಲಿ ಸಾಹುಕಾರರ ಸಲಹೆಯಾಗಲಿ ಆ ಮಾತಿನಷ್ಟು ನನ್ನನ್ನು ಕಂಗೆಡಿಸಿರಲಿಲ್ಲ. ಯಾರೂ ಕಲಿಯದ ಮನೆಯಲ್ಲಿ ಕಲಿತ ಆ ಸಹಿಯನ್ನು ನಾನು ನನ್ನ ಮೆಡಲ್ಲು ಎಂದುಕೊಂಡಿದ್ದೆ. ಇನ್ನೊಬ್ಬ ಮನುಷ್ಯ ಆಕಾಶದಲ್ಲಿ ಅದರ ಮೇಲೆ ತನ್ನ ಜೀವ ಇಟ್ಟು ಕೂತಿರುತ್ತಾನೆ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಮುಂದಿನ ಮಾರ್ಚಿನಲ್ಲಿ ವಿಮಾನ ರಿಪೇರಿಯಾಗಿ ಸಿಂಧನೂರಿನ ಎರೆ ಹೊಲಕ್ಕೆ ಬಂತು. ನನ್ನ ಲೈಸೆನ್ಸೂ ಬಂದಿತ್ತು. ಕಂಪಾಸನ್ನು ಮತ್ತೆ ಸ್ವಿಂಗ್ ಮಾಡಿದೆ, ಎರಡು ರೀತಿಯಲ್ಲಿ, ಎರಡು ಜಾಗದಲ್ಲಿ. ನೆಲದ ಬಗ್ಗೆ ಆ ಹೊಲದ ಒಡೆಯನಿಂದ ಹಿಡಿದು ಬಾವಿ ತೋಡಿದವನವರೆಗೆ ಎಲ್ಲರನ್ನೂ ಕೇಳಿದೆ. ಕಾರ್ಡಿಗೆ ಸಹಿ ಹಾಕಿ ಕೊಟ್ಟೆ. ಈ ಸಲ ಬಿ.ಎಸ್ಸಿ. ಬರೆಯಲಿಲ್ಲ. ಖಾದರ್ ಸಾಹೇಬರು ಕಾರ್ಡನ್ನು ಓದದೆ ಜೇಬಿಗಿಟ್ಟುಕೊಂಡು ಇನ್ನೊಂದು ಬದಿಯ ಬಾಗಿಲು ತೆಗೆದರು.

“ಹತ್ತು,” ಎಂದರು. “ಸಹಿ ಹಾಕಿದಾಂವ ಬಾಜೂಕ ಕುಂತ್ರ ನನಗೂ ಸೂಜಿ ಮ್ಯಾಲೆ ನಂಬಿಕಿ ಬರತೈತಿ.”

ಅಲ್ಲಿಯವರೆಗೆ ನಾನು ಒಮ್ಮೆಯೂ ಹಾರಿರಲಿಲ್ಲ. ಹತ್ತಿದೆ. ನೆಲ ಬಿಟ್ಟು ಎದ್ದಾಗ ಎರಡೂ ಕೈಯಿಂದ ಸೀಟು ಹಿಡಿದುಕೊಂಡೆ. ಅವರು ನನ್ನ ಕಡೆ ನೋಡಲೂ ಇಲ್ಲ. ಹೈದರಾಬಾದು ಕಾಣುವವರೆಗೆ ನಾನು ಸೂಜಿಯಿಂದ ಕಣ್ಣು ಕೀಳಲಿಲ್ಲ. ಮುಂದೆ ಇಪ್ಪತ್ತೊಂಬತ್ತು ವರ್ಷ ಈ ಕೆಲಸ ಮಾಡಿದೆ. ನಾನು ಕೂತು ಹಾರದ ಯಾವ ವಿಮಾನದ ಕಾರ್ಡಿಗೂ ಸಹಿ ಹಾಕಲಿಲ್ಲ.